ಗಿರಣಿಯ ಗೋಡು, ಹಳ್ಳದ ದಡ

ಕೆರೆ ಏರಿ ಒಡೆದು ಎರಡು ಮಳೆಗಾಲ ಕಳೆದ ಮೇಲೆ ಅಂಗಳಕ್ಕೆ ಇಳಿದು ನೋಡಿದ್ದೀರಾ? ತಲೆಮಾರುಗಳಿಂದ ಪದರ ಪದರವಾಗಿ ಕೂತಿದ್ದ ಗೋಡನ್ನು ಸೀಳಿಕೊಂಡು ಸಣ್ಣದೊಂದು ಹಳ್ಳ ಆಳಕ್ಕೆ ಇಳಿದಿರುತ್ತದೆ. ಎರಡೂ ಬದಿಯಲ್ಲಿ ಕುಡುಗೋಲಿನಿಂದ ಕೊಯ್ದಂಥ ಆಳೆತ್ತರದ ಮಣ್ಣಿನ ಗೋಡೆ. ಅಲ್ಲೊಂದು ಕೆರೆಯಿತ್ತೆಂದು ಗೊತ್ತಿಲ್ಲದವರು, ಈ ಹಳ್ಳ ಹುಟ್ಟಿದ್ದೇ ಹೀಗೆ ಎಂದು ನಂಬಿಬಿಡುತ್ತಾರೆ. ನದಿಗಳನ್ನು ಅಳೆಯುವುದು ಹೇಗೆಂದು ಲೋಕಕ್ಕೆ ಕಲಿಸಿದ ಇಬ್ಬರು ಅಮೆರಿಕನ್ನರೂ ಹಾಗೇ ನಂಬಿದ್ದರೇ ಎಂಬುದು ಈಗ ದೊಡ್ಡ ಜಗಳ. ಅದರ ಬೆನ್ನು ಹತ್ತಿ ಹೋದಾಗ ನನಗೆ ಸಿಕ್ಕಿದ್ದು ವಾಟ್ಸ್ ಬ್ರಾಂಚ್ ಎಂಬ ಹಳ್ಳ.

ಇದು ಹರಿಯುವುದು ವಾಷಿಂಗ್ಟನ್ ನಗರದ ಹತ್ತಿರ, ಮೇರಿಲ್ಯಾಂಡಿನ ರಾಕ್‌ವಿಲ್ ಬಳಿ. 1953ರಲ್ಲಿ ಅಲ್ಲಿ ದನ ಮೇಯುತ್ತಿದ್ದವು. ಲೂನಾ ಲಿಯೊಪೋಲ್ಡ್ ಮತ್ತು ಗಾರ್ಡನ್ ವೋಲ್ಮನ್ ಅಲ್ಲಿಗೆ ಕಬ್ಬಿಣದ ಕಡ್ಡಿ ಹೊತ್ತು ಬಂದರು. ಇಬ್ಬರೂ ಹೆಸರಾಂತ ಅಪ್ಪಂದಿರ ಮಕ್ಕಳು. ಲೂನಾರ ತಂದೆ ಆಲ್ಡೊ, ನೆಲದೊಡನೆ ಮನುಷ್ಯ ಹೇಗೆ ಬಾಳಬೇಕೆಂದು ಬರೆದವರು. ಗಾರ್ಡನ್‌ರ ತಂದೆ ಏಬೆಲ್, ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸುವ ಲೆಕ್ಕಾಚಾರವನ್ನು ಗಟ್ಟಿಗೊಳಿಸಿದವರು. ಮಕ್ಕಳು ಮಾಡಿದ್ದು ನೋಡಲು ತೀರ ಸಾದಾ ಕೆಲಸ. ಹಳ್ಳದ ಆಚೆ ಈಚೆ ಗುರುತಿನ ಕಡ್ಡಿ ನೆಟ್ಟು, ನಡುವೆ ಟೇಪು ಎಳೆದು, ಅಡಿಗಡಿಗೆ ಆಳ ಬರೆದುಕೊಳ್ಳುವುದು. ದಡದ ಗೋಡೆಗೂ ಅಡ್ಡಡ್ಡ ಕಡ್ಡಿ ಬಡಿಯುವುದು. ಮುಂದಿನ ಸಲ ಬಂದಾಗ ಕಡ್ಡಿ ಎಷ್ಟು ಹೊರಚಾಚಿದೆಯೋ ಅಷ್ಟು ಮಣ್ಣು ಹೋಯಿತೆಂದು ಲೆಕ್ಕ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕಡ್ಡಿಗಳು ಹೇಳಿದ ಮೊದಲ ಮಾತು. 1959ರಲ್ಲಿ ವೋಲ್ಮನ್ ಬರೆದ ಪ್ರಕಾರ, ದಡದ ಸವೆತದಲ್ಲಿ ಸುಮಾರು ಶೇ 85ರಷ್ಟು ಆದದ್ದು ಡಿಸೆಂಬರಿನಿಂದ ಮಾರ್ಚ್‌ವರೆಗಿನ ನಾಲ್ಕು ತಿಂಗಳಲ್ಲಿ. ಬೇಸಿಗೆಯ ದೊಡ್ಡ ನೆರೆಯೂ ಒಣಗಿ ಗಟ್ಟಿಯಾದ ದಡವನ್ನು ಹೆಚ್ಚೇನೂ ಅಲುಗಿಸಲಿಲ್ಲ. ಚಳಿಗಾಲದಲ್ಲಿ ದಡ ನೆನೆದು ಮೆತ್ತಗಾಗಿರುತ್ತದೆ, ಹಿಮದ ಹರಳು ಮಣ್ಣಿನ ಕಣಗಳನ್ನು ಎಬ್ಬಿಸಿ ಸಡಿಲ ಮಾಡಿರುತ್ತದೆ. ಆಗ ಸಾಧಾರಣ ನೀರು ಬಂದರೂ ಸಾಕು, ದಡ ಜಾರುತ್ತದೆ. ನೀರಿನ ರಭಸವೊಂದನ್ನೇ ಎಣಿಸಿ ತಡೆಗೋಡೆ ಕಟ್ಟುವವರು ಇದನ್ನೊಮ್ಮೆ ಓದಬೇಕು.

ಅಷ್ಟರಲ್ಲಿ ಪೇಟೆ ಹಳ್ಳದ ಕಡೆಗೆ ಬೆಳೆಯಿತು. ಮನೆಗಳೆದ್ದವು, ರಸ್ತೆಗಳು ಬಂದವು. ಊರು ಬೆಳೆದರೆ ಹಳ್ಳ ಅಗಲವಾಗುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. ವಾಟ್ಸ್ ಬ್ರಾಂಚ್ ಕಿರಿದಾಯಿತು. 1973ರಲ್ಲಿ ಲಿಯೊಪೋಲ್ಡ್ ಇಪ್ಪತ್ತು ವರ್ಷದ ಅಳತೆ ಮುಂದಿಟ್ಟಾಗ ಅದರ ಪಾತ್ರ ಸುಮಾರು ಐದನೇ ಒಂದು ಪಾಲು ಕುಗ್ಗಿತ್ತು. ಕಾರಣವನ್ನು ವೋಲ್ಮನ್ 1967ರಲ್ಲೇ ಬಿಡಿಸಿಟ್ಟಿದ್ದರು. ಕಟ್ಟಡಕ್ಕೆಂದು ನೆಲ ಅಗೆದು ಬರಿದು ಬಿಟ್ಟ ಅವಧಿಯಲ್ಲಿ ಹೊಲಗಳಿಂದ ಬರುವುದರ ಎಷ್ಟೋ ಪಟ್ಟು ಮಣ್ಣು ಹಳ್ಳಕ್ಕೆ ಬಂದು ಅದನ್ನು ತುಂಬುತ್ತದೆ. ಆಮೇಲೆ ನೆಲವೆಲ್ಲ ತಾರಸಿ, ಟಾರು ಆಗುತ್ತದೆ. ಮಣ್ಣು ನಿಲ್ಲುತ್ತದೆ, ನೀರು ಒಮ್ಮೆಲೇ ನುಗ್ಗುತ್ತದೆ, ದಡ ಕುಸಿಯತೊಡಗುತ್ತದೆ. ವಾಟ್ಸ್ ಬ್ರಾಂಚೂ ಮುಂದೆ ಹಾಗೇ ಅಗಲವಾಯಿತು. 41 ವರ್ಷಗಳ ಆ ಅಳತೆಯ ಲೇಖನ ಲಿಯೊಪೋಲ್ಡ್ ಮತ್ತು ಸಂಗಡಿಗರ ಹೆಸರಿನಲ್ಲಿ 2005ರಲ್ಲಿ ಬಂತು.

ನಲವತ್ತೊಂದು ವರ್ಷ! ನಮ್ಮೂರ ಹಳ್ಳದ ಅಳತೆ ನನ್ನ ಬಳಿ ಇರುವುದು ಒಂದೇ: ಹೊಂಗೆ ಮರದ ಬೇರಿನ ಮೇಲಿಂದ ಜಿಗಿದರೆ ಆಚೆ ದಡ ಮುಟ್ಟಲು ಆಗುತ್ತಿರಲಿಲ್ಲ. ಆ ಹೊಂಗೆ ಈಗಿಲ್ಲ. ಎರಡೂ ಕಡೆ ಕಾಂಕ್ರೀಟ್ ಗೋಡೆ ಎದ್ದು ಹಳ್ಳ ನೆಟ್ಟಗೆ ಚರಂಡಿಯಂತೆ ಹರಿಯುತ್ತದೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಯಾರಾದರೂ ಎರಡು ಕಡ್ಡಿ ನೆಟ್ಟಿದ್ದರೆ, ಕಳೆದುಹೋದದ್ದು ಎಷ್ಟೆಂದಾದರೂ ಹೇಳಬಹುದಿತ್ತು.

ಲಿಯೊಪೋಲ್ಡ್ 2006ರಲ್ಲಿ ತೀರಿಕೊಂಡರು. ಎರಡು ವರ್ಷದ ನಂತರ, 2008ರ ಜನವರಿಯಲ್ಲಿ, ಪೆನ್ಸಿಲ್ವೇನಿಯಾದ ರಾಬರ್ಟ್ ವಾಲ್ಟರ್ ಮತ್ತು ಡೊರೊಥಿ ಮೆರಿಟ್ಸ್ 'ಸೈನ್ಸ್' ಪತ್ರಿಕೆಯಲ್ಲಿ ಬಾಂಬ್ ಸಿಡಿಸಿದರು. ವಾಟ್ಸ್ ಬ್ರಾಂಚ್ ಸೇರಿದಂತೆ ಲಿಯೊಪೋಲ್ಡ್ ಮತ್ತು ವೋಲ್ಮನ್ ಮಾದರಿಯೆಂದು ಅಳೆದ ಹಳ್ಳಗಳ ಎತ್ತರದ ದಡ ನದಿ ಕಟ್ಟಿದ್ದಲ್ಲವೇ ಅಲ್ಲ, ನೀರಿನ ಗಿರಣಿಗಳ ಒಡ್ಡಿನ ಹಿಂದೆ ಕೂತ ಗೋಡು ಎಂದರು. ವಲಸೆ ಬಂದವರು ಕಾಡು ಕಡಿದು, ಹಿಟ್ಟು ಬೀಸಲು, ಮರ ಕೊಯ್ಯಲು ಕಣಿವೆ ಕಣಿವೆಗೂ ಒಡ್ಡು ಹಾಕಿದ್ದರು. 1840ರ ಜನಗಣತಿಯಲ್ಲಿ ಅಮೆರಿಕದ ಪೂರ್ವದ 872 ಕೌಂಟಿಗಳಲ್ಲಿ ಇಂಥ 65,000ಕ್ಕೂ ಹೆಚ್ಚು ಗಿರಣಿಗಳ ಲೆಕ್ಕ ಸಿಗುತ್ತದೆ. ಕಾಡು ಕಡಿದ ಗುಡ್ಡದ ಮಣ್ಣೆಲ್ಲ ಆ ಕೊಳಗಳಲ್ಲಿ ತುಂಬಿತು. ಉಗಿಯಂತ್ರ ಬಂದು ಗಿರಣಿಗಳು ನಿಂತವು, ಒಡ್ಡುಗಳು ಒಡೆದವು, ಹಳ್ಳ ಗೋಡನ್ನು ಸೀಳಿ ಇಳಿಯಿತು. ನಮ್ಮ ಒಡೆದ ಕೆರೆಯ ಕಥೆಯೇ!

ಎಲ್ಲ ಕಣಿವೆಗೂ ಈ ಮಾತು ಹೊಂದುವುದಿಲ್ಲ ಎಂದು ಆಕ್ಷೇಪಿಸಿದವರಿದ್ದಾರೆ, ಅದು ನ್ಯಾಯವೇ. ಆದರೆ ಹಾಳಾದ ಹಳ್ಳಗಳನ್ನು ದುರಸ್ತಿ ಮಾಡುವವರು ಹಾವಿನಂತೆ ಬಳುಕುವ, ಎತ್ತರ ದಡದ ಒಂಟಿ ಹಳ್ಳವನ್ನೇ ಸಹಜವೆಂದು ಕೆತ್ತುತ್ತಿದ್ದಾಗ ಈ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು. ಕಡ್ಡಿ ಬಡಿದವರ ಹಿರಿಮೆಯೇನೂ ಇದರಿಂದ ಕುಂದುವುದಿಲ್ಲ. ಅವರ ಅಳತೆಗಳು ಇಂದಿಗೂ ನಿಂತಿವೆ, ತಿದ್ದುಪಡಿಯಾದದ್ದು ದಡದ ಹುಟ್ಟಿನ ಕಥೆ.

2011ರಲ್ಲಿ ಪೆನ್ಸಿಲ್ವೇನಿಯಾದ ಬಿಗ್ ಸ್ಪ್ರಿಂಗ್ ರನ್ ಎಂಬ ಹಳ್ಳದಲ್ಲಿ ಸುಮಾರು 20 ಸಾವಿರ ಟನ್ ಗೋಡು ತೆಗೆದು ಸಾಗಿಸಿದರು. ಆ ಗೋಡಿನಡಿ ಕಪ್ಪು ಜೌಗುಮಣ್ಣು ಇತ್ತು, ಅದರೊಳಗೆ ಜೇಕಿನ ಬೀಜಗಳು. ಗಿರಣಿಗಳ ಮುಂಚೆ ಅಲ್ಲಿ ಆಳದ ಹಳ್ಳವಿರಲಿಲ್ಲ, ಜೇಕಿನ ನಡುವೆ ನಾಲ್ಕಾರು ಕವಲಾಗಿ ಹರಡಿ ಹೋಗುವ ತೆಳ್ಳಗಿನ ನೀರಿತ್ತು. ಈಗ ಅಲ್ಲಿ ಮತ್ತೆ ಜೇಕು ಬೆಳೆದಿದೆ. ಮಳೆ ಬಂದರೆ ನೀರು ದಡ ಹುಡುಕದೆ ಹುಲ್ಲಿನ ಮೇಲೆ ಹರಡಿಕೊಳ್ಳುತ್ತದೆ.