ಉಬ್ಬುಶಿಲ್ಪದ ಆಳ, ಮೆದುಳಿನ ಊಹೆ

ಬಾದಾಮಿಯ ಮೂರನೇ ಗುಹೆಯಲ್ಲಿ ಮಂಗಲೇಶನ ಕ್ರಿ.ಶ. 578ರ ಶಾಸನವಿದೆ, ಗುಹೆಯ ಅಧಿಷ್ಠಾನದಲ್ಲಿ ಗಿಡ್ಡ ಗಣಗಳು ಸಾಲುಗಟ್ಟಿವೆ. ಬಂಡೆಯಿಂದ ಅಷ್ಟೇನೂ ಹೊರಚಾಚದ ಈ ಉಬ್ಬುಶಿಲ್ಪಗಳು ಎದುರಿನಿಂದ ನೋಡುವವರಿಗೆ ಮೈದುಂಬಿ ನಿಂತಂತೆ ಕಾಣುತ್ತವೆ. ಇದನ್ನು ಕಣ್ಣಿನ ಮೋಸ ಎನ್ನುವುದು ರೂಢಿ. ಆದರೆ ಆಳದ ಗ್ರಹಿಕೆಯನ್ನು ಕಂಪ್ಯೂಟರಿನಲ್ಲಿ ರೂಪಿಸಲು ಹೊರಟ ವಿಜ್ಞಾನ ಹೇಳುವುದೇ ಬೇರೆ: ಅರೆಕೊರೆ ಮಾಹಿತಿಯಿಂದ ಸಾಧ್ಯವಾದ ಅತ್ಯುತ್ತಮ ಊಹೆಯನ್ನು ಮೆದುಳು ಇಲ್ಲಿ ಮಾಡುತ್ತಿದೆ.

ಮಾಹಿತಿ ಎಷ್ಟು ಅರೆಕೊರೆ ಎಂಬುದಕ್ಕೆ ಗಣಿತದ ಸಾಕ್ಷ್ಯವಿದೆ. ಮರಳುಗಲ್ಲಿನಂಥ ಹೊಳಪಿಲ್ಲದ ಮೈಯನ್ನು ಚಪ್ಪಟೆಗೊಳಿಸಿ, ಬೆಳಕಿನ ದಿಕ್ಕನ್ನೂ ಮೈಬಣ್ಣವನ್ನೂ ತಕ್ಕಂತೆ ಬದಲಿಸಿದರೆ, ದೂರದಿಂದ ಒಂದು ಕಣ್ಣಿಗೆ ಬೀಳುವ ಚಿತ್ರ, ನೆರಳೂ ಸೇರಿ, ಹಾಗೆಯೇ ಉಳಿಯುತ್ತದೆ ಎಂದು ಬೆಲ್‌ಹ್ಯೂಮರ್, ಕ್ರೀಗ್‌ಮನ್ ಮತ್ತು ಯೂಲ್ 1999ರ ಪ್ರಬಂಧದಲ್ಲಿ ಸಾಧಿಸಿದರು. ಹಾಗಾದರೆ ಒಂದೇ ಚಿತ್ರದ ಹಿಂದೆ ಲೆಕ್ಕವಿಲ್ಲದಷ್ಟು ಆಳಗಳಿರಬಹುದು. ಒಂದನ್ನು ಆರಿಸಲು ಪೂರ್ವಾನುಭವ ಬೇಕು. ಬೆಳಕು ಸಾಮಾನ್ಯವಾಗಿ ಮೇಲಿನಿಂದ ಬರುತ್ತದೆ ಎಂಬುದು ಅಂಥದ್ದೊಂದು. ಬೇಸ್ ಸೂತ್ರದ ಮಾದರಿಗಳು ಪ್ರತಿ ಆಕಾರದಿಂದ ಈ ಚಿತ್ರ ಮೂಡುವ ಸಂಭವವನ್ನು, ಅಂಥ ಆಕಾರ ಮತ್ತು ಬೆಳಕು ಲೋಕದಲ್ಲಿ ಸಿಗುವ ಸಂಭವದೊಂದಿಗೆ ಗುಣಿಸುತ್ತವೆ. ಗುಣಲಬ್ಧ ಹೆಚ್ಚಿದ್ದದ್ದು ಗೆಲ್ಲುತ್ತದೆ. ಮೇಲಿನಿಂದ ಬೆಳಕು ಬಿದ್ದ ಉಬ್ಬಿನ ಫೋಟೊವನ್ನು ತಲೆಕೆಳಗು ಮಾಡಿದರೆ ಇಂಥ ಮಾದರಿ ಅದನ್ನು ತಗ್ಗು ಎನ್ನುತ್ತದೆ. ನಮಗೂ ತಗ್ಗಾಗಿಯೇ ಕಾಣುತ್ತದೆ. ಇಬ್ಬರೂ ಒಂದೇ ಕಡೆ ತಪ್ಪುವುದೇ ಈ ವಾದದ ಬಲ.

ನಮಗೆ ಎರಡು ಕಣ್ಣುಗಳಿವೆಯಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅವು ಕಾಣುವ ಚಿತ್ರಗಳ ವ್ಯತ್ಯಾಸವೇ ಆಳ ತಿಳಿಸುತ್ತದೆಂದು ವೀಟ್‌ಸ್ಟನ್ 1838ರಲ್ಲೇ ತೋರಿಸಿದ್ದ. ಆದರೆ ನೋಡುವ ದೂರ ಇಮ್ಮಡಿಯಾದರೆ ಅದೇ ಉಬ್ಬಿನ ವ್ಯತ್ಯಾಸ ಕಾಲು ಭಾಗಕ್ಕೆ ಇಳಿಯುತ್ತದೆ. ಮುಖವಾಡದ ಒಳಮೈಯನ್ನು ತುಸು ದೂರದಿಂದ ಎರಡೂ ಕಣ್ಣು ತೆರೆದು ನೋಡಿದರೂ ಉಬ್ಬಿದ ಮುಖವೇ ಕಾಣುತ್ತದೆ. ಮುಖ ಹೊರಗುಬ್ಬಿರುತ್ತದೆಂಬ ಅನುಭವ ಅಷ್ಟು ಗಟ್ಟಿ. ಮೆದುಳು ನಿಜವಾಗಿ ಲೆಕ್ಕ ಮಾಡುತ್ತದೆಯೇ ಎಂಬುದು ಇನ್ನೊಂದು ಆಕ್ಷೇಪ. ನರಕೋಶಗಳು ಸೂತ್ರ ಬರೆಯಬೇಕಿಲ್ಲ, ಅನುಭವ ಬದಲಾದರೆ ಊಹೆ ಬದಲಾಗಬೇಕು. 2004ರಲ್ಲಿ ಆಡಮ್ಸ್, ಗ್ರಾಫ್ ಮತ್ತು ಅರ್ನ್‌ಸ್ಟ್ ಅದನ್ನೇ ಕಂಡರು: ಬೇರೆ ದಿಕ್ಕಿನ ಬೆಳಕಿಗೆ ಹೊಂದುವ ಆಕಾರಗಳನ್ನು ಮುಟ್ಟಿ ನೋಡಿದವರಲ್ಲಿ ಬೆಳಕಿನ ದಿಕ್ಕಿನ ನಂಬಿಕೆಯೂ ಅತ್ತ ಸರಿಯಿತು. ಬರಿಯ ದೋಷವೊಂದು ಹೀಗೆ ಕಲಿಯುವುದಿಲ್ಲ.

ಬಾದಾಮಿ, ಐಹೊಳೆಗಳಿಗೆ ಇದರಲ್ಲಿ ಪಾಠವಿದೆ. ಸವೆಯುವ ಮರಳುಗಲ್ಲಿನ ಶಿಲ್ಪವನ್ನು ಒಂದೇ ಫೋಟೊದಲ್ಲಿ ಹಿಡಿದರೆ ಅದರ ಆಳ ದಾಖಲಾಗುವುದೇ ಇಲ್ಲ. ಅಳತೆಪಟ್ಟಿ ಇಟ್ಟು ಹಲವು ಕೋನಗಳಿಂದ ತೆಗೆಯಬೇಕು. ನೋಡುವಾಗ ಕೊರತೆಯನ್ನು ಊಹೆ ತುಂಬಲಿ, ಮುಂದಿನವರಿಗೆ ಬಿಡುವ ದಾಖಲೆಯಲ್ಲಿ ಅದನ್ನು ಅಳತೆಯೇ ತುಂಬಬೇಕು.