ದುರ್ಗದ ಸೀಮೆಯ ಗರಡಿ: ಮೈಯ ಕಸುವು, ಮನದ ಹದ

ಚಿತ್ರದುರ್ಗದ ಸೀಮೆಯಲ್ಲಿ ಕಾಳಗದ ವಿದ್ಯೆಯು ಬಹುಕಾಲ ಬದುಕಿ ಉಳಿಯುವ ಉಪಾಯವೇ ಆಗಿತ್ತು. 1568ರಲ್ಲಿ ತಿಮ್ಮಣ್ಣನಾಯಕನಿಂದ ಮೊದಲಾದ ನಾಯಕರ ಆಳ್ವಿಕೆಯು 1779ರಲ್ಲಿ ಕೋಟೆ ಹೈದರಾಲಿಯ ವಶವಾಗುವವರೆಗೆ ನಡೆದ ಎರಡು ಶತಮಾನಗಳ ಅವಧಿಯಲ್ಲಿ, ಸುತ್ತಲಿನ ಹಳ್ಳಿಗಳ ಗಂಡಾಳುಗಳು ಬೇಸಾಯದ ಜೊತೆಗೇ ಕತ್ತಿ, ಈಟಿ, ದೊಣ್ಣೆಗಳ ವರಸೆಯನ್ನೂ ಕಲಿತಿರಬೇಕಾದ ಸ್ಥಿತಿ ಇತ್ತು. ಈ ಸೀಮೆಯ ಹೋಬಳಿ ಕೇಂದ್ರವಾದ ಭರಮಸಾಗರಕ್ಕೆ ಹೆಸರು ಬಂದಿರುವುದು ಈ ವಂಶದ ಭರಮಣ್ಣನಾಯಕನಿಂದ. ಬಿಚ್ಚುಗತ್ತಿ ಎಂಬ ಬಿರುದಿನಿಂದ ಜನರ ನೆನಪಿನಲ್ಲಿ ಉಳಿದಿರುವ ಈ ನಾಯಕನೇ ಕೆರೆಗಳನ್ನು ಕಟ್ಟಿಸಿದವನೆಂದೂ ಹೆಸರಾಗಿದ್ದಾನೆ. ಪಾಳೆಯಗಾರಿಕೆ ಅಳಿದು ಕತ್ತಿಗೆ ಕೆಲಸವಿಲ್ಲದಂತಾದ ಮೇಲೂ ಗರಡಿಮನೆಗಳು ಮುಚ್ಚಲಿಲ್ಲ. ಯುದ್ಧವಿಲ್ಲದ ಕಾಲದಲ್ಲೂ ಊರಿನ ಹುಡುಗರು ಬೆಳಗಿನ ಜಾವಕ್ಕೆದ್ದು ಅಲ್ಲಿ ಸಾಮು ತೆಗೆಯುತ್ತಿದ್ದರೆಂದರೆ, ಶತ್ರುವನ್ನು ಗೆಲ್ಲುವುದಕ್ಕಿಂತ ಬೇರೆಯದೇ ಆದ ಫಲವೊಂದನ್ನು ಆ ಮನೆಯು ಕೊಡುತ್ತಿದ್ದಿರಬೇಕು. ಆ ಫಲ ಯಾವುದು, ಅದು ಯಾವ ಕ್ರಮದಿಂದ ಒದಗುತ್ತದೆ ಎಂಬುದನ್ನು ಇಂದಿನ ತಿಳಿವಳಿಕೆಯ ಬೆಳಕಿನಲ್ಲಿ ಪರಿಶೀಲಿಸುವುದು ಅಗತ್ಯವಾಗಿದೆ.

ಗರಡಿಮನೆ ಎಂದರೆ ಕುಸ್ತಿ ಮತ್ತು ಅಂಗಸಾಧನೆಯ ಅಭ್ಯಾಸಕ್ಕೆಂದೇ ಕಟ್ಟಿದ ಮನೆ. ತಲೆ ಬಗ್ಗಿಸಿಯೇ ಒಳಹೋಗಬೇಕಾದ ಗಿಡ್ಡ ಬಾಗಿಲು, ಕಡಿಮೆ ಗಾಳಿಬೆಳಕು, ಗೋಡೆಯ ಗೂಡಿನಲ್ಲಿ ಆಂಜನೇಯ, ಗೋಡೆಗೆ ಒರಗಿಸಿಟ್ಟ ಗದೆ, ಎರಡು ಕೈಯಲ್ಲೂ ಹಿಡಿದು ಹೆಗಲ ಸುತ್ತ ತಿರುಗಿಸುವ ಮರದ ಕರಲಾಕಟ್ಟೆ, ಎತ್ತುವ ಗುಂಡುಕಲ್ಲು, ಇವು ಹಳೆಯ ಗರಡಿಯ ಲಕ್ಷಣಗಳು. ಕಲಿಸುವವನು ವಸ್ತಾದ ಅಥವಾ ಉಸ್ತಾದ್, ಕಲಿತವನು ಪೈಲ್ವಾನ, ದಿನದ ಅಭ್ಯಾಸ ತಾಲೀಮು. ಆಂಜನೇಯನ ಎದುರಿನಲ್ಲೇ ಹಿಂದೂ ಮುಸ್ಲಿಂ ಹುಡುಗರು ಒಂದೇ ಮಣ್ಣಿನಲ್ಲಿ ಮೈಗೆ ಮೈ ತಾಗಿಸಿ ಕಲಿತ ಪರಂಪರೆ ಕನ್ನಡನಾಡಿನ ಅನೇಕ ಗರಡಿಗಳಿಗಿದ್ದು, ಪಾರಸಿ, ಅರಬ್ಬಿ ಮೂಲದ ಈ ಪದಗಳು ಕನ್ನಡದ ಬಾಯಲ್ಲಿ ಬಳಕೆಯಾಗಿ ನಿಂತಿರುವುದು ಅದರ ಗುರುತೇ ಆಗಿದೆ.

ಗರಡಿಯ ಜೀವವಿರುವುದು ಮಟ್ಟಿಯಲ್ಲಿ, ಅಂದರೆ ನಡುವಿನ ಕುಸ್ತಿಯ ಅಂಕಣದಲ್ಲಿ. ಕಲ್ಲು ಕಸ ಇಲ್ಲದಂತೆ ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ, ಬೇವಿನಪುಡಿ ಮುಂತಾದವುಗಳನ್ನು ಊರೂರಿನ ರೂಢಿಗೆ ತಕ್ಕ ಪ್ರಮಾಣದಲ್ಲಿ ಬೆರೆಸಿ, ತೀರ ಒಣಗದಂತೆಯೂ ಕೆಸರಾಗದಂತೆಯೂ ತೇವವನ್ನು ಕಾಯುತ್ತಾರೆ. ಈ ಮಣ್ಣು ಒಂದೇ ದಿನ ಅಗೆಯದೆ ಬಿಟ್ಟರೂ ತುಳಿತಕ್ಕೆ ಗಟ್ಟಿಯಾಗುತ್ತದೆ. ಗಟ್ಟಿ ನೆಲದ ಮೇಲೆ ಬಿದ್ದವನ ಭುಜ, ಸೊಂಟ ಉಳಿಯುವುದಿಲ್ಲ. ಆದ್ದರಿಂದ ಹೊಸಬನಿಗೆ ಮೊದಲು ಕೊಡುವುದು ಪಟ್ಟಿನ ಪಾಠವನ್ನಲ್ಲ, ಗುದ್ದಲಿಯನ್ನು. ಬಾಗಿ ಅಗೆದು, ಹೆಂಟೆ ಒಡೆದು, ಕಾಲಿನಿಂದ ಸಮಮಾಡಿ ಮುಗಿಸುವ ಹೊತ್ತಿಗೆ ಬೆನ್ನು, ತೊಡೆ, ಮುಂಗೈಗಳಿಗೆ ಸಾಕಷ್ಟು ವ್ಯಾಯಾಮವಾಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಂದು ತಾನು ಯಾರನ್ನು ಕೆಡವಬೇಕೋ ಅವನು ಬೀಳುವ ನೆಲವನ್ನು ತನ್ನ ಕೈಯಿಂದಲೇ ಮೆತ್ತಗೆ ಮಾಡಿರುತ್ತಾನೆ. ಇಡೀ ಗರಡಿಯ ನೀತಿಶಾಸ್ತ್ರವು ಈ ಒಂದು ಕೆಲಸದಲ್ಲಿ ಅಡಕವಾಗಿದೆ ಎಂದರೆ ಉತ್ಪ್ರೇಕ್ಷೆಯಾಗದು.

ಮೈಗೆ ಸಂಬಂಧಿಸಿದ ಲಾಭಗಳನ್ನು ವಿವರಿಸುವುದು ಸುಲಭ. ಅಂಗೈ ಊರಿ ಎದೆಯನ್ನು ನೆಲಕ್ಕೆ ತಂದು ಮೇಲೇಳುವ ದಂಡ, ಕುಳಿತು ಏಳುವ ಬಸ್ಕಿ, ಕರಲಾಕಟ್ಟೆಯ ತಿರುವು, ಕೊನೆಗೆ ಜೋಡಿಯೊಡನೆ ಹೆಣಗಾಟ, ಇವೆಲ್ಲ ಸೇರಿ ಸ್ನಾಯುಬಲ, ಉಸಿರಿನ ಬಲ, ಕೀಲುಗಳ ಬಾಗುವಿಕೆ ಮತ್ತು ಸಮತೋಲನ ನಾಲ್ಕನ್ನೂ ಒಟ್ಟಿಗೆ ಬೆಳೆಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ, ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಕನಿಷ್ಠ ಮಧ್ಯಮ ಶ್ರಮದ ಚಟುವಟಿಕೆ ಬೇಕು. ಅದರ ಜೊತೆಗೆ ವಯಸ್ಕರು ವಾರಕ್ಕೆ ಎರಡು ದಿನವಾದರೂ, ಮಕ್ಕಳು ಮೂರು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕು. ಹೊಲದ ಕೆಲಸವನ್ನು ಟ್ರ್ಯಾಕ್ಟರು, ನಡಿಗೆಯನ್ನು ಬೈಕು, ಆಟದ ಸಂಜೆಯನ್ನು ಮೊಬೈಲು ವಹಿಸಿಕೊಂಡಿರುವ ಇಂದಿನ ಹಳ್ಳಿಯಲ್ಲಿ ಈ ಪ್ರಮಾಣ ತಾನಾಗಿ ಪೂರೈಸುತ್ತದೆಂದು ಭಾವಿಸಲಾಗದು.

ಆದರೆ ಇಷ್ಟೇ ಆಗಿದ್ದರೆ ಓಟ, ಈಜು, ಕಬಡ್ಡಿಗಳೂ ಸಾಕಾಗುತ್ತಿದ್ದವು. ಕಾಳಗದ ಕಲೆಯಲ್ಲಿ ಇನ್ನೊಂದು ಸಂಗತಿಯಿದೆ: ಎದುರಿಗೆ ನಿಂತವನು ತನ್ನನ್ನು ಬೀಳಿಸಲೆಂದೇ ಪ್ರಯತ್ನಿಸುತ್ತಿರುವಾಗ ಬುದ್ಧಿಯನ್ನು ಸ್ತಿಮಿತದಲ್ಲಿಟ್ಟುಕೊಳ್ಳುವ ಶಿಕ್ಷಣ. ಅಪಾಯ ಎದುರಾದಾಗ ಎದೆಬಡಿತ ಏರುವುದು, ಉಸಿರು ಮೇಲೆಮೇಲಕ್ಕೆ ಬರುವುದು, ಕೈಕಾಲು ಬಿಗಿಯುವುದು, ದೃಷ್ಟಿ ಕಿರಿದಾಗುವುದು ದೇಹದ ಸಹಜ ಪ್ರತಿಕ್ರಿಯೆ. ಮಟ್ಟಿಯಲ್ಲಿ ಎದುರಾಳಿಯ ಭಾರದ ಅಡಿ ಸಿಕ್ಕಿಕೊಂಡ ಹುಡುಗನಿಗೆ ದಿನವೂ ಈ ಸ್ಥಿತಿ ಎದುರಾಗುತ್ತದೆ. ಗಾಬರಿಯಲ್ಲಿ ಒದ್ದಾಡಿದಷ್ಟೂ ದಮ್ಮು ಬೇಗ ತೀರುತ್ತದೆ, ಮೂಗಿನಲ್ಲಿ ನಿಧಾನ ಉಸಿರೆಳೆದು ಎದುರಾಳಿಯ ಹಿಡಿತ ಸಡಿಲವಾಗುವ ಗಳಿಗೆಗೆ ಕಾದರೆ ಬಿಡಿಸಿಕೊಳ್ಳಲು ಸಾಧ್ಯವಾಗುತ್ತದೆ ಎಂಬುದು ಮಾತಿನಿಂದಲ್ಲ, ಮೈಯಿಂದಲೇ ತಿಳಿಯುತ್ತದೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ಸ್ವಸಾಮರ್ಥ್ಯದ ಸಿದ್ಧಾಂತವು, ಅಂದರೆ ಇಂಥ ಕೆಲಸ ತನ್ನಿಂದ ಆಗುತ್ತದೆಂಬ ನಂಬಿಕೆ ಹೇಗೆ ಹುಟ್ಟುತ್ತದೆ ಎಂಬುದರ ವಿವರಣೆಯು, ಇಲ್ಲಿ ಉಪಯುಕ್ತವಾಗಿದೆ. ಆತನ ಪ್ರಕಾರ ಹೊಗಳಿಕೆ, ಉಪದೇಶಗಳಿಗಿಂತ ಕಷ್ಟವಾದುದನ್ನು ಸ್ವತಃ ಮಾಡಿ ಮುಗಿಸಿದ ಅನುಭವವೇ ಈ ನಂಬಿಕೆಗೆ ಬಲವಾದ ಆಧಾರ. ಪರೀಕ್ಷೆಯಲ್ಲಿ ನಪಾಸಾದವನು, ಮಾತು ತೊದಲುವವನು, ಮನೆಯಲ್ಲಿ ಸದಾ ಬೈಸಿಕೊಳ್ಳುವವನು ಗರಡಿಯಲ್ಲಿ ಈ ಅನುಭವವನ್ನು ಪಡೆಯಬಲ್ಲನು, ಯಾಕೆಂದರೆ ಅಲ್ಲಿ ಅವನ ನಿನ್ನೆಯ ಶಕ್ತಿಯ ಪಕ್ಕದಲ್ಲಿಟ್ಟು ನೋಡುವುದು ಅವನ ಇಂದಿನ ಶಕ್ತಿಯನ್ನೇ.

ಇದೆಲ್ಲ ಕೇವಲ ಪಟ್ಟುಗಳನ್ನು ಕಲಿಯುವುದರಿಂದ ಬರುತ್ತದೆಯೇ ಎಂಬ ಪ್ರಶ್ನೆಗೆ ಅಮೆರಿಕದ ಮೈಕೇಲ್ ಟ್ರಲ್ಸನ್ 1986ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸ್ಪಷ್ಟವಾದ ಸುಳಿವು ನೀಡುತ್ತದೆ. ಪುಂಡತನದ ದಾರಿ ಹಿಡಿದಿದ್ದ 34 ಹದಿಹರೆಯದ ಹುಡುಗರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಕೊರಿಯಾದ ಟೇಕ್ವಾಂಡೊ ಕಲೆಯನ್ನು ಧ್ಯಾನ, ಗೌರವ, ಸಂಯಮಗಳ ಪಾಠದೊಡನೆ ಸಾಂಪ್ರದಾಯಿಕ ಕ್ರಮದಲ್ಲಿ ಕಲಿಸಲಾಯಿತು. ಎರಡನೆಯದಕ್ಕೆ ಆ ಪಾಠಗಳನ್ನು ಬಿಟ್ಟು ಹೊಡೆದಾಟದ ತಂತ್ರವನ್ನಷ್ಟೇ ಕಲಿಸಲಾಯಿತು. ಮೂರನೆಯದಕ್ಕೆ ಓಟ ಮತ್ತು ಬೇರೆ ಆಟಗಳನ್ನು ಆಡಿಸಲಾಯಿತು. ಆರು ತಿಂಗಳ ತರುವಾಯ ಮೊದಲ ಗುಂಪಿನವರಲ್ಲಿ ಆಕ್ರಮಣಶೀಲತೆ ಮತ್ತು ಆತಂಕ ತಗ್ಗಿ ಆತ್ಮಗೌರವ ಹೆಚ್ಚಿದ್ದರೆ, ಎರಡನೆಯ ಗುಂಪಿನವರಲ್ಲಿ ಆಕ್ರಮಣಶೀಲತೆ ಮೊದಲಿಗಿಂತ ಹೆಚ್ಚಾಗಿತ್ತು. ಅಧ್ಯಯನ ಚಿಕ್ಕದು, ಅದರ ಆಧಾರದ ಮೇಲೆ ದೊಡ್ಡ ತೀರ್ಮಾನ ಸಲ್ಲದು. ಆದರೂ ಒದೆಯುವ ಹೊಡೆಯುವ ತಂತ್ರ ಒಂದೇ ಆಗಿದ್ದು ಕಲಿಸುವ ಕ್ರಮ ಬೇರೆಯಾದಾಗ ಫಲವೂ ತಿರುವುಮುರುವಾದುದು ಪ್ರತಿಯೊಬ್ಬ ತಂದೆತಾಯಿಯೂ ಗಮನಿಸಬೇಕಾದ ಸಂಗತಿ. ಮಣ್ಣನ್ನು ಮುಟ್ಟಿ ನಮಸ್ಕರಿಸಿ ಒಳಗಿಳಿಯುವುದು, ಕುಸ್ತಿಗೆ ಮುನ್ನ ಎದುರಾಳಿಯ ಕೈ ಮುಟ್ಟುವುದು, ಕಲಿತ ಪಟ್ಟನ್ನು ಬೀದಿಯ ಜಗಳದಲ್ಲಿ ಬಳಸಿದವನನ್ನು ಗರಡಿಯಿಂದ ಹೊರಗಿಡುವುದು, ಕುಡಿತದಿಂದ ದೂರವಿರುವುದು, ಇಂಥ ಕಟ್ಟುಪಾಡುಗಳನ್ನು ಹಳೆಯ ಕಾಲದ ಆಚಾರವೆಂದು ತಳ್ಳಿಹಾಕುವ ಮುನ್ನ ಯೋಚಿಸಬೇಕಾಗಿದೆ.

ಜೋಡಿ ಕಟ್ಟುವ ಪದ್ಧತಿಯೂ ಇದೇ ಕ್ರಮಕ್ಕೆ ಸೇರಿದುದು. ಜಾತ್ರೆ, ದಸರೆಗಳ ಕುಸ್ತಿಗೆ ಮುನ್ನ ಹಿರಿಯರು ಕುಳಿತು ತೂಕ, ವಯಸ್ಸು, ಅನುಭವಗಳನ್ನು ಅಳೆದು ಸಮಬಲದ ಇಬ್ಬರನ್ನು ಒಬ್ಬರಿಗೊಬ್ಬರು ಗೊತ್ತುಮಾಡುತ್ತಾರೆ. ಈ ವಿವೇಕ ಇಂದಿನದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದ ಭಾಗದಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿ, ಅವರ ಆಹಾರವನ್ನೂ ಭಾರ ಎತ್ತುವ, ನಡೆಯುವ, ಈಜುವ, ಕಂಬದ ಮೇಲೆ ಅಭ್ಯಾಸ ಮಾಡುವ ಶ್ರಮಗಳನ್ನೂ ವಿವರಿಸಲಾಗಿದೆ.

ಕಂಬದ ಮೇಲಿನ ಆ ಅಭ್ಯಾಸವನ್ನು ಇಂದಿಗೂ ಕಣ್ಣಾರೆ ನೋಡಬೇಕೆಂದರೆ ಭರಮಸಾಗರದಿಂದ ದೂರ ಹೋಗಬೇಕಾಗಿಲ್ಲ. ಇದೇ ಹೋಬಳಿಯ ಸಿರಿಗೆರೆಯ ತರಳಬಾಳು ವಿದ್ಯಾಸಂಸ್ಥೆಯ ಮಕ್ಕಳು ಮಲ್ಲಕಂಬ ಮತ್ತು ಮಲ್ಲಿಹಗ್ಗದ ಪ್ರದರ್ಶನಗಳಿಗೆ ನಾಡಿನಲ್ಲೆಲ್ಲ ಹೆಸರಾಗಿದ್ದಾರೆ. ಹರಳೆಣ್ಣೆ ಸವರಿದ ನುಣುಪಾದ ಮರದ ಕಂಬವನ್ನು ತೊಡೆ, ಕಂಕುಳು, ಮೊಣಕಾಲಿನ ಸಂದುಗಳಿಂದ ಹಿಡಿದು ಆಸನಗಳನ್ನು ಕಟ್ಟುವುದು ಮಲ್ಲಕಂಬ. ಮೇಲಿನಿಂದ ಇಳಿಬಿಟ್ಟ ಹಗ್ಗವನ್ನು ಕಾಲಿನ ಹೆಬ್ಬೆರಳ ಸಂದಿನಲ್ಲಿ ಸಿಕ್ಕಿಸಿ ಗಂಟಿಲ್ಲದೆ ಮೇಲೇರಿ ಮೈಯನ್ನು ಬಾಗಿಸಿ ನಿಲ್ಲಿಸುವುದು ಮಲ್ಲಿಹಗ್ಗ. ಮೂಲತಃ ಮಲ್ಲರ ಹಿಡಿತವನ್ನು ಗಟ್ಟಿಮಾಡಲು ಹುಟ್ಟಿದ ಈ ಸಾಧನೆಯಲ್ಲಿ ಎದುರಾಳಿಯೇ ಇಲ್ಲ, ಭಯವೊಂದೇ ಎದುರಾಳಿ. ಹಗ್ಗದ ಮೇಲೆ ಹೆಣ್ಣುಮಕ್ಕಳು ತೋರುವ ಧೈರ್ಯ ಮತ್ತು ಲಾಲಿತ್ಯವನ್ನು ಕಂಡವರು ಗರಡಿಯ ವಿದ್ಯೆ ಗಂಡಸರದು ಎಂಬ ಹಳೆಯ ಮಾತನ್ನು ಮತ್ತೆ ಆಡಲಾರರು.

ಆ ಹಳೆಯ ಮಾತು ದುರ್ಗದ ಸೀಮೆಯಲ್ಲಂತೂ ಎಂದೂ ಸಲ್ಲುವಂಥದ್ದಲ್ಲ. ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ, ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆ ಕುಳಿತಿದ್ದಾಗ, ಕಿಂಡಿಯೊಂದರಿಂದ ಒಬ್ಬೊಬ್ಬನಾಗಿ ನುಸುಳುತ್ತಿದ್ದ ಸೈನಿಕರನ್ನು ಅವನ ಹೆಂಡತಿ ಓಬವ್ವ ಒನಕೆಯಿಂದಲೇ ಕೊಂದಳೆಂಬ ಕಥನವು ಜನರ ಬಾಯಿಂದ ಬಾಯಿಗೆ ಹರಿದು, 1972ರ ನಾಗರಹಾವು ಚಲನಚಿತ್ರದ ಮೂಲಕ ಕರ್ನಾಟಕದ ಮನೆಮನೆಗೂ ತಲುಪಿತು. ಓಬವ್ವ ಗರಡಿಯಲ್ಲಿ ಕಲಿತವಳಲ್ಲ. ಭತ್ತ ಕುಟ್ಟಿ ಗಟ್ಟಿಯಾದ ತೋಳು, ಕೈಗೆ ಒಗ್ಗಿದ ಒನಕೆಯ ತೂಕ, ಗಾಬರಿಗೊಳ್ಳದ ಮನಸ್ಸು ಇವು ಆಕೆಯ ಬಂಡವಾಳ. ಕಾಳಗದ ಸಾಹಸಕ್ಕೆ ಇಡೀ ಜಿಲ್ಲೆಯೇ ಹೆಣ್ಣೊಬ್ಬಳ ಹೆಸರನ್ನು ಹೇಳುತ್ತಿದ್ದರೂ, ಇಲ್ಲಿನ ಗರಡಿಗಳ ಬಾಗಿಲು ತಲೆತಲಾಂತರದಿಂದ ಹೆಣ್ಣುಮಕ್ಕಳಿಗೆ ಮುಚ್ಚಿಯೇ ಇದ್ದುದು ನೋವಿನ ಸಂಗತಿ. ಈಗ ಸ್ಥಿತಿ ಬದಲಾಗುತ್ತಿದೆ. ರಾಜ್ಯದ ವಸತಿ ಶಾಲೆಗಳ ಹೆಣ್ಣುಮಕ್ಕಳಿಗೆ ಓಬವ್ವನ ಹೆಸರಿನಲ್ಲೇ ಆತ್ಮರಕ್ಷಣೆಯ ತರಬೇತಿ ಆರಂಭವಾಗಿದೆ. ಸಮಗ್ರ ಶಿಕ್ಷಾ ಯೋಜನೆಯಡಿ ಸರ್ಕಾರಿ ಶಾಲೆಯ 6ರಿಂದ 12ನೆಯ ತರಗತಿಯವರೆಗಿನ ಹುಡುಗಿಯರಿಗೆ ಮೂರು ತಿಂಗಳ ಕರಾಟೆ ಮುಂತಾದ ತರಬೇತಿಗೆ ಅವಕಾಶವಿದೆ. ಮೈಸೂರು ದಸರಾ ಕುಸ್ತಿಯಲ್ಲಿ ಮಹಿಳೆಯರೂ ಸೆಣಸುತ್ತಿದ್ದಾರೆ. ಆದರೆ ಮೂರು ತಿಂಗಳಲ್ಲಿ ಕೆಲವು ಪೆಟ್ಟುಗಳನ್ನು ಕಲಿಸಬಹುದೇ ಹೊರತು ಹೆದರಿಕೆಯ ಗಳಿಗೆಯಲ್ಲಿ ಮೈ ತಾನಾಗಿ ಸ್ಪಂದಿಸುವಷ್ಟು ಅಭ್ಯಾಸವನ್ನು ಬೇರೂರಿಸಲಾಗದು. ತರಬೇತಿ ಮುಗಿದ ಮರುತಿಂಗಳೇ ಕಲಿತದ್ದು ಮರೆಯತೊಡಗುತ್ತದೆ, ಪ್ರಮಾಣಪತ್ರ ಮಾತ್ರ ಉಳಿಯುತ್ತದೆ.

ಅಪಾಯಗಳ ಬಗೆಗೆ ಮೌನ ವಹಿಸುವುದು ಈ ಕಲೆಗೆ ಮಾಡುವ ಉಪಕಾರವಲ್ಲ. 1882ರಲ್ಲಿ ಜೂಡೊ ಕಲೆಯನ್ನು ರೂಪಿಸಿದ ಜಪಾನಿನ ಶಿಕ್ಷಣತಜ್ಞ ಜಿಗೊರೊ ಕಾನೊ, ಪರಸ್ಪರರ ಏಳಿಗೆಯೇ ಅಭ್ಯಾಸದ ಗುರಿಯೆಂದು ಸಾರಿದನು; ಕೆಡವುವುದಕ್ಕೆ ಮುನ್ನ ಪೆಟ್ಟಾಗದಂತೆ ಬೀಳುವುದನ್ನು ಕಲಿಸುವುದು ಆ ಕಲೆಯ ಮೊದಲ ಪಾಠವಾಯಿತು. ಅಂಥ ಜಪಾನಿನ ಶಾಲೆಗಳಲ್ಲೇ 1983ರಿಂದ ಮುಂದಿನ ಸುಮಾರು ಮೂರು ದಶಕಗಳಲ್ಲಿ ಜೂಡೊ ಅಭ್ಯಾಸದ ವೇಳೆ ನೂರಕ್ಕೂ ಹೆಚ್ಚು ಮಕ್ಕಳು, ಬಹುಮಟ್ಟಿಗೆ ತಲೆಗೆ ಪೆಟ್ಟಾಗಿ, ಸತ್ತರು. ಬೀಳುವುದನ್ನು ಚೆನ್ನಾಗಿ ಕಲಿಯುವ ಮೊದಲೇ ಬಲಾಢ್ಯರ ಎದುರು ನಿಲ್ಲಿಸಿದ್ದು, ತಲೆನೋವೆಂದ ಮಗುವನ್ನೂ ಅಭ್ಯಾಸಕ್ಕೆ ದೂಡಿದ್ದು ಇಂಥ ಸಾವುಗಳ ಹಿಂದೆ ಮತ್ತೆ ಮತ್ತೆ ಕಂಡುಬಂದ ತಪ್ಪುಗಳು. ಕುಸ್ತಿಯಲ್ಲಿ ಚರ್ಮಕ್ಕೆ ಹುಳುಕಡ್ಡಿ ಹರಡುವುದು, ಕಿವಿಯ ಹಾಲೆ ಜಜ್ಜಿ ಗಂಟುಕಟ್ಟುವುದು, ತೂಕ ಇಳಿಸಲು ನೀರು ಬಿಡುವುದು ಸಾಮಾನ್ಯವಾದ ತೊಂದರೆಗಳು. ಬೇಗನೆ ಮೈ ಬೆಳೆಸುವ ಆಸೆಗೆ ಚುಚ್ಚುಮದ್ದು, ಗುಳಿಗೆಗಳ ಮೊರೆಹೋಗುವುದು ಇವೆಲ್ಲಕ್ಕಿಂತ ದೊಡ್ಡ ಕೇಡು. ಗುರುವಿನ ಮೇಲಿಡುವ ನಂಬಿಕೆಗೂ ಕಾವಲು ಬೇಕು. ದೇಶಕ್ಕೆ ಪದಕ ತಂದ ಮಹಿಳಾ ಕುಸ್ತಿಪಟುಗಳೇ 2023ರಲ್ಲಿ ಲೈಂಗಿಕ ಕಿರುಕುಳದ ದೂರು ಹೊತ್ತು ದೆಹಲಿಯ ಜಂತರ್ ಮಂತರ್‌ನಲ್ಲಿ ಕೂರಬೇಕಾಗಿ ಬಂದುದನ್ನು ನೆನೆದರೆ, ಹೆಣ್ಣುಮಕ್ಕಳ ತರಗತಿಯಲ್ಲಿ ಮಹಿಳಾ ತರಬೇತುದಾರರು ಇರಬೇಕು, ತಂದೆತಾಯಿಗಳು ಯಾವ ಹೊತ್ತಿನಲ್ಲಾದರೂ ಬಂದು ನೋಡಲು ಅವಕಾಶವಿರಬೇಕು ಎಂಬ ನಿಯಮಗಳಿಗೆ ವಿನಾಯಿತಿ ಕೊಡಲಾಗದು.

ಹೆದ್ದಾರಿಯ ಮಗ್ಗುಲಲ್ಲಿರುವ ಭರಮಸಾಗರದಂಥ ಹೋಬಳಿ ಕೇಂದ್ರಕ್ಕೆ ಸುತ್ತಲಿನ ಹಳ್ಳಿಗಳಿಂದ ದಿನವೂ ಶಾಲಾ ಕಾಲೇಜಿನ ಮಕ್ಕಳು ಬಸ್ಸಿನಲ್ಲಿ ಬಂದುಹೋಗುತ್ತಾರೆ. ಈ ಎಚ್ಚರಗಳೊಡನೆ ಇಲ್ಲಿ ಗರಡಿಯ ಪಾಠವನ್ನು ಆರಂಭಿಸಲು ಒಳಾಂಗಣ ಕ್ರೀಡಾಂಗಣವಾಗಲಿ, ದುಬಾರಿ ಮ್ಯಾಟಾಗಲಿ ಅನಿವಾರ್ಯವಲ್ಲ. ಶಾಲೆಯ ಅಂಗಳದ ಮೂಲೆಯಲ್ಲಿ ನೆರಳಿನ ಚಪ್ಪರ, ಅದರಡಿ ಜರಡಿ ಹಿಡಿದ ಕೆಮ್ಮಣ್ಣು, ಒಂದು ಮಲ್ಲಕಂಬ, ಎರಡು ಹಗ್ಗ ಇದ್ದರೆ ಸಾಕು. ಕಲಿಸಲು ಸಿರಿಗೆರೆಯಲ್ಲಿ ಪಳಗಿದ ಹಳೆಯ ವಿದ್ಯಾರ್ಥಿಗಳಿದ್ದಾರೆ, ಅಖಾಡ ಬಿಟ್ಟು ಹೊಲ ಮನೆ ನೋಡಿಕೊಂಡಿರುವ ಪೈಲ್ವಾನರು ದುರ್ಗ, ದಾವಣಗೆರೆಗಳ ಸುತ್ತಿನ ಊರುಗಳಲ್ಲಿದ್ದಾರೆ. ಪ್ರಥಮ ಚಿಕಿತ್ಸೆಯನ್ನೂ ತಲೆಗೆ ಪೆಟ್ಟಾದಾಗ ಅನುಸರಿಸಬೇಕಾದ ಕ್ರಮವನ್ನೂ ಇವರಿಗೆ ತಿಳಿಸಿ, ಗೌರವಧನವನ್ನು ಗೊತ್ತುಮಾಡಿ, ಶಾಲೆ ಬಿಟ್ಟ ಮೇಲೆ ವಾರಕ್ಕೆ ಮೂರು ಸಂಜೆ, ಮೂರು ತಿಂಗಳಿಗೆ ನಿಲ್ಲಿಸದೆ ವರ್ಷವಿಡೀ, ಹುಡುಗರಿಗೂ ಹುಡುಗಿಯರಿಗೂ ಒಂದೇ ಬಗೆಯ ಪಾಠ ನಡೆಸುವ ಹೊಣೆಯನ್ನು ಗ್ರಾಮ ಪಂಚಾಯಿತಿ ಮತ್ತು ಶಾಲಾಭಿವೃದ್ಧಿ ಸಮಿತಿಗಳು ಹೊರಬೇಕಾಗಿದೆ.