ಆಕಾಶದ ಕೋಡಿ

ಆಷಾಢದಲ್ಲಿ ಮಲೆನಾಡಿನ ಸೆರಗಿಗೆ ಮಳೆ ಹಿಡಿಯಿತೆಂದರೆ ಕುಮುದ್ವತಿ ನದಿ ಕೆಂಪಾಗಿ ಉಬ್ಬುತ್ತದೆ. ಹಾವೇರಿ ಜಿಲ್ಲೆಯ ಮಾಸೂರಿನ ಬಳಿ, ಗುಡ್ಡಗಳ ನಡುವೆ ಆ ನದಿಯನ್ನು ತಡೆದು ನಿಲ್ಲಿಸಿರುವ ಮದಗದ ಕೆರೆ ತುಂಬಿ ಕೋಡಿ ಬೀಳುತ್ತದೆ. ಬಂಡೆಗಳ ಮೇಲೆ ನೊರೆನೊರೆಯಾಗಿ ಧುಮುಕುವ ಆ ನೀರನ್ನು ನೋಡಲು ಸುತ್ತಲಿನ ಊರುಗಳಿಂದ ಜನರು ಮಕ್ಕಳುಮರಿಗಳೊಡನೆ ಬರುತ್ತಾರೆ.

ಕೋಡಿಯೆದುರು ನಿಂತವರು ಒಂದು ಸಂಗತಿಯನ್ನು ಗಮನಿಸಬಹುದು. ಹೊಳೆ ಒಂದೇ ಸಮನೆ ಹರಿದುಬರುತ್ತಿದ್ದರೂ ಕೆರೆಯ ಮಟ್ಟ ಹೆಚ್ಚುವುದಿಲ್ಲ. ಬಂದಷ್ಟು ನೀರೂ ಹೊರಟುಹೋಗುತ್ತಿರುತ್ತದೆ. ಕೋಡಿಯ ಮೇಲೆ ಇನ್ನೊಂದು ಸಾಲು ಕಲ್ಲು ಕೂಡಿಸಿದರೋ? ಹೊಳೆಯಲ್ಲಿ ಒಂದು ಕೊಡ ನೀರೂ ಹೆಚ್ಚದಿದ್ದರೂ ಕೆರೆಯ ಮಟ್ಟ ಮೇಲೇರುತ್ತದೆ. ಹೊಸ ಕಲ್ಲಿನ ನೆತ್ತಿಯನ್ನು ದಾಟಿದ ಮೇಲೆ ಮತ್ತೆ ಬಂದಷ್ಟು ನೀರನ್ನೇ ಹೊರಬಿಡತೊಡಗುತ್ತದೆ.

ಕೆರೆಯ ಕೆಳಗೆ ಗದ್ದೆಯುಳ್ಳ ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲದ ಈ ಲೆಕ್ಕವೇ ನಮ್ಮ ತಲೆಯ ಮೇಲಿನ ವಾಯುಮಂಡಲಕ್ಕೂ ಅನ್ವಯಿಸುತ್ತದೆ. ಅಲ್ಲಿ ಹರಿಯುವುದು ನೀರಲ್ಲ, ಶಾಖ.

ಬರುವ ಬಿಸಿಲು, ಹೋಗುವ ಶಾಖ

ಭೂಮಿಗೆ ಬರುವ ಸೂರ್ಯನ ಬೆಳಕಿನಲ್ಲಿ ನೂರಕ್ಕೆ ಸುಮಾರು 30 ಪಾಲು ಮೋಡ, ಹಿಮ, ಮರಳುಗಳಿಗೆ ತಾಗಿ ಹಿಂದಿರುಗುತ್ತದೆ. ಮಿಕ್ಕ ಪಾಲು ನೆಲ, ಕಡಲು, ಗಾಳಿಗಳನ್ನು ಕಾಯಿಸುತ್ತದೆ. ಕಾದ ವಸ್ತು ಸುಮ್ಮನಿರದು. ಒಲೆಯಿಂದ ಇಳಿಸಿದ ರೊಟ್ಟಿಯ ಹಂಚಿನ ಪಕ್ಕದಲ್ಲಿ ಕೈಯೊಡ್ಡಿದರೆ, ಮುಟ್ಟದೆಯೇ ಅಂಗೈಗೆ ಬಿಸಿ ತಾಗುತ್ತದೆಯಲ್ಲವೆ? ಕಣ್ಣಿಗೆ ಕಾಣದ ಆ ಅವಕೆಂಪು ಕಿರಣಗಳನ್ನು ಭೂಮಿಯೂ ಹಗಲಿರುಳು ಹೊರಸೂಸುತ್ತದೆ. ಬಂದ ಶಾಖ, ಹೋದ ಶಾಖ ಸರಿತೂಗಿದಾಗ ಅದರ ಉಷ್ಣಮಾನ ಒಂದು ಮಟ್ಟದಲ್ಲಿ ನಿಲ್ಲುತ್ತದೆ.

ಗಾಳಿಯು ಈ ಕಿರಣಗಳನ್ನು ತಡೆಯದೆ ಬಿಟ್ಟುಬಿಡುವಂತಿದ್ದರೆ ಆ ಮಟ್ಟ ಸೊನ್ನೆಗಿಂತ 18 ಡಿಗ್ರಿ ಸೆಂಟಿಗ್ರೇಡ್ ಕೆಳಗಿರುತ್ತಿತ್ತು. ಆದರೆ ಭೂತಲದ ಸರಾಸರಿ ಉಷ್ಣಮಾನ ಸೊನ್ನೆಗಿಂತ 15 ಡಿಗ್ರಿ ಮೇಲಿದೆ. ನಡುವಿನ ಈ 33 ಡಿಗ್ರಿಗಳೇ ಕೆರೆಯನ್ನು ಮಂಜುಗಡ್ಡೆಯಾಗಗೊಡದೆ ನೀರಾಗಿ ಉಳಿಸಿರುವುದು.

ಈ ಉಪಕಾರ ಯಾರದು? ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಇವೆರಡೂ ಶಾಖಕಿರಣಗಳಿಗೆ ಅಡ್ಡ ಬರುವುದಿಲ್ಲ. ತಡೆಯುವುವು ಅತ್ಯಲ್ಪ ಪ್ರಮಾಣದಲ್ಲಿರುವ ನೀರಾವಿ ಮತ್ತು ಇಂದಿನ ಪುಸ್ತಕಗಳು ಇಂಗಾಲದ ಡೈಆಕ್ಸೈಡ್ ಎಂದು ಕರೆಯುವ ಇಂಗಾಲಾಮ್ಲ ವಾಯು. ಇದನ್ನು 1859ರಲ್ಲಿ ಲಂಡನ್ನಿನ ಪ್ರಯೋಗಾಲಯದಲ್ಲಿ ಅಳೆದು ತೋರಿಸಿದವನು ಜಾನ್ ಟಿಂಡಲ್ ಎಂಬ ಶಾಸ್ತ್ರಜ್ಞ. ಅಳೆಯದಿದ್ದರೂ ಅನುಭವದಿಂದ ಹಳ್ಳಿಗರು ಇದನ್ನು ಬಲ್ಲರು. ಪುಷ್ಯಮಾಸದ ಒಣ ರಾತ್ರಿಯಲ್ಲಿ ನಕ್ಷತ್ರಗಳು ನಿಚ್ಚಳವಾಗಿ ಹೊಳೆಯುತ್ತಿದ್ದರೆ ಕಂಬಳಿ ಸಾಲದು. ಅದೇ ಮಾಸದಲ್ಲಿ ಮೋಡ ಕವಿದ ರಾತ್ರಿ ಬೆಚ್ಚಗಿರುತ್ತದೆ.

ಅಂತಸ್ತುಗಳ ಉಪ್ಪರಿಗೆ

ಹಾಗಾದರೆ ಆಕಾಶದ ಕೋಡಿ ಎಲ್ಲಿದೆ? ಅದನ್ನು ಕಾಣಲು ಮಾಸೂರಿನಿಂದ ನೇರವಾಗಿ ಮೇಲಕ್ಕೆ ಹೋಗಬೇಕು.

ಬಿಸಿಲು ಬಹುಮಟ್ಟಿಗೆ ಗಾಳಿಯನ್ನು ಹಾಯ್ದು ನೆಲವನ್ನೇ ಕಾಯಿಸುವುದರಿಂದ, ಗಾಳಿಯ ಒಲೆ ಇರುವುದು ಕೆಳಗೆ. ಕಾದ ಗಾಳಿ ಮೇಲೇರಿ, ಹಿಗ್ಗಿ, ತಣ್ಣಗಾಗುತ್ತದೆ. ಪ್ರತಿ ಕಿಲೋಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಇಳಿತ. ಮೋಡ, ಮಳೆ, ಗುಡುಗು ಎಲ್ಲವೂ ನಡೆಯುವ ಈ ಕೆಳ ಅಂತಸ್ತೇ ಪರಿವರ್ತನ ಮಂಡಲ. ನಮ್ಮ ಸೀಮೆಯ ಮೇಲೆ ಅದು ಸುಮಾರು 16-17 ಕಿಲೋಮೀಟರು ಎತ್ತರ. ಅದರ ಮೇಲೆ 50 ಕಿಲೋಮೀಟರುಗಳವರೆಗೆ ಸಮೋಷ್ಣ ಮಂಡಲ. ಅಲ್ಲಿಯ ಓಜೋನ್ ಸೂರ್ಯನ ನೇರಳಾತೀತ ಕಿರಣಗಳನ್ನು ಹೀರಿ ಕಾಯುವುದರಿಂದ ಮೇಲೆ ಹೋದಂತೆ ಬಿಸಿ ಹೆಚ್ಚುತ್ತದೆ. ಇನ್ನೂ ಮೇಲೆ, ಸುಮಾರು 85 ಕಿಲೋಮೀಟರುಗಳವರೆಗಿನ ಮಧ್ಯಂತರ ಮಂಡಲದಲ್ಲಿ ಮತ್ತೆ ಕಡುಚಳಿ. ಅದರಾಚೆ ಉಷ್ಣತಾ ಮಂಡಲ.

ಕೋಡಿ ಇರುವುದು ಮೊದಲ ಅಂತಸ್ತಿನಲ್ಲಿಯೇ. ನೆಲದಿಂದ ಹೊರಟ ಶಾಖಕಿರಣವನ್ನು ಆವಿಯೂ ಇಂಗಾಲಾಮ್ಲವೂ ಹೀರುತ್ತವೆ, ಮತ್ತೆ ಸೂಸುತ್ತವೆ. ಹೀಗೆ ಕೈಯಿಂದ ಕೈಗೆ ದಾಟುತ್ತ ಶಾಖವು ಮೇಲೇರಿ, ಗಾಳಿ ತೆಳುವಾದೆಡೆ ಶೂನ್ಯಕ್ಕೆ ಜಾರಿಹೋಗುತ್ತದೆ. ಸರಾಸರಿಯಲ್ಲಿ ಈ ಎತ್ತರ ಸುಮಾರು 5 ಕಿಲೋಮೀಟರು. ಅಲ್ಲಿಯ ಉಷ್ಣಮಾನವೇ ಆ ಸೊನ್ನೆಗಿಂತ ಕೆಳಗಿನ 18 ಡಿಗ್ರಿ. ಅಲ್ಲಿಂದ ನೆಲಕ್ಕಿಳಿದರೆ, ಕಿಲೋಮೀಟರಿಗೆ ಆರೂವರೆಯಂತೆ ಐದು ಕಿಲೋಮೀಟರಿಗೆ 33 ಡಿಗ್ರಿ. ಲೆಕ್ಕ ಸರಿಹೋಯಿತು.

ನೆರೆಯ ಗ್ರಹಗಳಲ್ಲಿಯೂ ಇದೇ ಲೆಕ್ಕ. ಶುಕ್ರನ ಗಾಳಿ ನೂರಕ್ಕೆ 96 ಪಾಲು ಇಂಗಾಲಾಮ್ಲ. ಅದರ ಒತ್ತಡ ನಮ್ಮದಕ್ಕಿಂತ ಸುಮಾರು 90 ಪಟ್ಟು. ಅಲ್ಲಿಯ ಕೋಡಿ ಬಹಳ ಎತ್ತರದಲ್ಲಿರುವುದರಿಂದ ನೆಲದ ಉಷ್ಣಮಾನ ಸುಮಾರು 460 ಡಿಗ್ರಿ. ಸೀಸವೂ ಕರಗಿ ಹರಿದೀತು. ಮಂಗಳನ ಗಾಳಿಯೂ ನೂರಕ್ಕೆ 95 ಪಾಲು ಇಂಗಾಲಾಮ್ಲವೇ. ಆದರೆ ಒತ್ತಡ ನಮ್ಮದರ ನೂರನೆಯ ಒಂದು ಪಾಲಿಗಿಂತ ಕಡಿಮೆಯಾದುದರಿಂದ ಕೋಡಿ ನೆಲಕ್ಕೇ ಅಂಟಿದಂತಿದೆ. ಭಾರತದ ಮಂಗಳಯಾನ ನೌಕೆ 2014ರ ಸೆಪ್ಟೆಂಬರ್ 24ರಂದು ಆ ಗ್ರಹದ ಕಕ್ಷೆಯನ್ನು ಸೇರಿ, ಅದರ ತೀರ ಮೇಲಿನ ತೆಳುಗಾಳಿಯನ್ನು ಪರೀಕ್ಷಿಸಿತು. ಆ ನೌಕೆಯನ್ನು ನಡೆಸಿದ ಕೇಂದ್ರವಿದ್ದುದು ಬೆಂಗಳೂರಿನಲ್ಲಿ.

ಕೋಡಿಗೆ ಹೊಸ ಕಲ್ಲು

ಯಂತ್ರಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಇಂಗಾಲಾಮ್ಲದ ಕಣಗಳು ಸುಮಾರು 280. ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿ ಮಾನವನು ಅದನ್ನು ಇಂದು 420ಕ್ಕೂ ಮೇಲೆ ಒಯ್ದಿದ್ದಾನೆ. ಇತರ ಅನಿಲಗಳೂ ಸೇರಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅಮೆರಿಕದಲ್ಲಿ ಗ್ರಹಗಳ ವಾಯುಮಂಡಲವನ್ನು ಅಭ್ಯಸಿಸಿದ ವೀರಭದ್ರನ್ ರಾಮನಾಥನ್ ಅವರು 1975ರಲ್ಲಿ ಒಂದು ವಿಸ್ಮಯವನ್ನು ಹೊರಗೆಡಹಿದರು. ರೆಫ್ರಿಜರೇಟರುಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ ಅನಿಲದ ಒಂದೊಂದು ಕಣವೂ ಶಾಖವನ್ನು ತಡೆಯುವುದರಲ್ಲಿ ಇಂಗಾಲಾಮ್ಲದ ಸುಮಾರು ಹತ್ತು ಸಾವಿರ ಕಣಗಳಿಗೆ ಸಮ! ಅಡುಗೆಮನೆಯನ್ನು ತಂಪಾಗಿಡುವ ಪೆಟ್ಟಿಗೆಯೂ ಲೋಕವನ್ನು ಕಾಯಿಸುತ್ತಿತ್ತು. ಓಜೋನಿಗೂ ಮಾರಕವಾದ ಈ ಅನಿಲಗಳನ್ನು 1987ರ ಮಾಂಟ್ರಿಯಲ್ ಒಪ್ಪಂದದ ಮೂಲಕ ರಾಷ್ಟ್ರಗಳು ಕ್ರಮವಾಗಿ ಕೈಬಿಟ್ಟವು. ಸೇರಿಸಿದ ಒಂದು ಕಲ್ಲನ್ನು ಮನುಷ್ಯನೇ ತೆಗೆಯಬಲ್ಲನೆಂಬುದಕ್ಕೆ ಇದು ಸಾಕ್ಷಿ.

ಕೋಡಿ ಕೇವಲ 150 ಮೀಟರು ಮೇಲೇರಿದರೆ ನೆಲದ ಉಷ್ಣಮಾನ ಒಂದು ಡಿಗ್ರಿಯಷ್ಟು ಹೆಚ್ಚುತ್ತದೆ. 19ನೆಯ ಶತಮಾನದ ಉತ್ತರಾರ್ಧದಿಂದೀಚೆಗೆ ಏರಿಕೆ ಆಗಲೇ ಒಂದು ಡಿಗ್ರಿಯನ್ನು ಮೀರಿದೆ. ಇದು ಸೂರ್ಯನ ಆಟವಾಗಿದ್ದರೆ ಎಲ್ಲ ಅಂತಸ್ತುಗಳೂ ಕಾಯಬೇಕಿತ್ತು. ಆದರೆ ಕೆಳ ಅಂತಸ್ತು ಕಾಯುತ್ತಿದ್ದರೆ ಸಮೋಷ್ಣ ಮಂಡಲ ತಣಿಯುತ್ತಿದೆ. ಹೊಳೆ ಹೆಚ್ಚಿಲ್ಲ, ಕೋಡಿ ಎತ್ತರವಾಗಿದೆ.

ಒಂದು ಡಿಗ್ರಿ ಎಂದರೆ ಎಷ್ಟು ಮಹಾ, ಎನಿಸಬಹುದು. ಆದರೆ ಒಂದು ಡಿಗ್ರಿ ಹೆಚ್ಚು ಕಾದ ಗಾಳಿ ನೂರಕ್ಕೆ ಸುಮಾರು 7 ಪಾಲು ಹೆಚ್ಚು ಆವಿಯನ್ನು ಹೊರಬಲ್ಲುದು. ಬೇಸಗೆಯಲ್ಲಿ ಕೆರೆಯಿಂದ ಹೆಚ್ಚು ನೀರನ್ನು ಹೀರುವ ಆ ಗಾಳಿಯೇ, ಮಳೆಗಾಲದಲ್ಲಿ ಅದನ್ನು ಒಮ್ಮೆಲೇ ಸುರಿದುಬಿಡಬಲ್ಲುದು. ಅದರ ಭಾರ ಬೀಳುವುದು ಕೆರೆಗಳ ಏರಿಯ ಮೇಲೆ.

ಏರಿ ಒಡೆಯುವುದೆಂದರೇನೆಂಬುದು ಮಾಸೂರಿಗೆ ಹೊಸತಲ್ಲ. ವಿಜಯನಗರದ ಕಾಲದ್ದೆನ್ನುವ ಹಿರಿಯ ಕೆರೆಯ ಕಟ್ಟೆ ಒಡೆದುಹೋಗಿ, ಇಂದು ನೋಡುವ ಮದಗದ ಕೆರೆ ಆ ಹಿಂದಿನ ಜಲರಾಶಿಯ ಒಂದು ಪಾಲು ಮಾತ್ರ. ಕೆರೆಯ ಕೋಡಿಗೆ ಇಟ್ಟ ಕಲ್ಲನ್ನು ನಾಲ್ಕು ಜನ ಸೇರಿ ಒಂದು ದಿನದಲ್ಲಿ ತೆಗೆದಾರು. ಇಂಗಾಲಾಮ್ಲದ ಒಂದು ಪಾಲಾದರೋ ನೂರಾರು ವರ್ಷ ಗಾಳಿಯಲ್ಲಿಯೇ ಉಳಿಯುತ್ತದೆ. ಈ ಆಷಾಢದಲ್ಲಿ ತಂದೆಯ ಕೈಹಿಡಿದು ಕೋಡಿ ನೋಡಲು ಬರುವ ಮಗುವಿನ ಮೊಮ್ಮಕ್ಕಳೂ, ಇಂದು ಇಟ್ಟ ಕಲ್ಲಿನ ಕೆಳಗೇ ಬಾಳಬೇಕಾಗುತ್ತದೆ.